ಕೈಮಾತಿನ ಸಾಕ್ಷಿ: ವಿಭೂತಿ ಹಚ್ಚಿದ ಡಬ್ಬಿ

"ಮತ್ತೆ ನಿಂತೋಯ್ತು!" ಶಾಂತಲಾ ಟೇಬಲ್ಲಿಗೆ ಕೈ ಬಡಿದಳು.

ಲ್ಯಾಪ್‌ಟಾಪಿನ ಪರದೆಯ ಮೇಲೆ ತಿಪ್ಪೇರುದ್ರನ ಬಲಗೈ ಗಾಳಿಯಲ್ಲೇ ಉಳಿದಿತ್ತು. ಅವನ ಮುಖದ ಮೇಲೆ ಬಿಳಿ ಚಕ್ರವೊಂದು ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ಹೋಗಿ ಕರೆಯೇ ಕಡಿದುಹೋಯಿತು.

ನಿನ್ನೆಯೂ ಹೀಗೇ ಆಗಿತ್ತು. ಲಾರಿ ಓಡಿಸಿದವನ ಮುಖ ಹೇಗಿತ್ತು ಎಂದು ಕೇಳುವ ಹೊತ್ತಿಗೆ ಸರಿಯಾಗಿ ಹೊನ್ನಾಳಿಯಲ್ಲಿರುವ ಶಾಂತಲಾಳ ಈ ಮನೆಯ ಇಂಟರ್ನೆಟ್ ಮುಷ್ಕರ ಹೂಡುತ್ತಿತ್ತು. ನನಗೆ ಸಿಟ್ಟು ಬಂದರೆ ತಲೆ ಚೆನ್ನಾಗಿ ಓಡುತ್ತದೆ. ಇವತ್ತು ಅದು ಕುದುರೆಯಂತೆ ಓಡುತ್ತಿತ್ತು.

ಹಿಂದಿನದನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಚನ್ನಗಿರಿಯ ಗೋದಾಮಿನಿಂದ ಅಡಿಕೆ ಲಾರಿ ಕದ್ದೊಯ್ಯುವಾಗ ಕಾವಲುಗಾರ ಚಿತ್ತಪ್ಪನಿಗೆ ಗುದ್ದಿದವನು ಯಾರೋ, ಜೈಲಿನಲ್ಲಿ ಕೂತಿರುವವನು ಅಲ್ಲಿನ ಹಮಾಲಿ ಹನುಮಂತಪ್ಪ, ನನ್ನ ದೊಡ್ಡಪ್ಪ. ಡ್ರೈವರನ ಮುಖ ಕಂಡವನು ತಿಪ್ಪೇರುದ್ರ ಒಬ್ಬನೇ. ಅವನಿಗೆ ಕಿವಿ ಕೇಳುವುದಿಲ್ಲ, ಮಾತು ಬಾರದು, ಬರೆಯಲೂ ಸರಿಯಾಗಿ ಬಾರದು. ಹೆದರಿ ಜಗಳೂರಿಗೆ ಓಡಿಹೋಗಿ ಅಲ್ಲಿ ಅಡಗಿ ಕೂತಿದ್ದಾನೆ.

ಅವನ ಕೈಮಾತು ಪೂರ್ತಿ ತಿಳಿಯುವುದು ನನ್ನ ಗೆಳತಿ ಶಾಂತಲಾಗೆ. ಕಿವುಡ ಮಕ್ಕಳ ಶಾಲೆಯಲ್ಲಿ ಅವಳೇ ಅವನ ಟೀಚರ್. ಈಗ ಅವಳ ಕಾಲಿಗೆ ಪ್ಲಾಸ್ಟರ್ ಬಿದ್ದಿದೆ, ಅವನಿಗೆ ಬಸ್ಸು ಹತ್ತಲು ಜೀವಭಯ. ಹಾಗಾಗಿ ಇಬ್ಬರ ನಡುವೆ ಇರುವುದು ಈ ವೀಡಿಯೊ ಕರೆ ಮಾತ್ರ. ನಾಳೆ ದೊಡ್ಡಪ್ಪನ ಜಾಮೀನು ಅರ್ಜಿ ಕೋರ್ಟಿನ ಮುಂದೆ ಬರುತ್ತದೆ.

"ಅಮ್ಮಾ ಶಾಂತಲಾ, ಏನಂದ?" ನನ್ನ ಫೋನಿನ ಸ್ಪೀಕರಿನಿಂದ ವಕೀಲ ಜಯದೇವಪ್ಪನವರ ದನಿ ಬಂತು. ಚನ್ನಗಿರಿಯ ತಮ್ಮ ಆಫೀಸಿನಲ್ಲಿ ಪೆನ್ನು ಹಿಡಿದು ಕೂತಿದ್ದರು. "ಸಂಜೆ ಒಳಗೆ ಹೆಸರು ಬೇಕಮ್ಮ. ಹೆಸರಿಲ್ಲದೆ ನಾನೇನು ವಾದ ಮಾಡ್ಲಿ?"

"ಲೈನ್ ಕಟ್ಟಾಯ್ತು ಸರ್. ಸ್ವಲ್ಪ ತಡೀರಿ," ಎಂದೆ.

ಗೋಡೆಗೆ ಒರಗಿ ಕೂತಿದ್ದ ಭೀಮಕ್ಕ ದೊಡ್ಡಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಏನವ್ವಾ ಮಿತ್ರಾ, ನಿಮ್ಮ ದೊಡ್ಡಪ್ಪನ ನಸೀಬೇ ಹಿಂಗೇನು? ಕಂಡೋನು ಅದಾನೆ, ಹೇಳಾಕೆ ಕೈ ಎತ್ತುತಾನೆ, ಆ ಕೈಯೇ ನಿಂತೋಗುತೈತೆ."

ನನಗೆ ಅಳುವುದಕ್ಕೆ ಪುರಸೊತ್ತಿರಲಿಲ್ಲ.

"ಮೊಬೈಲ್ ಡೇಟಾದಲ್ಲಿ?" ಎಂದು ಕೇಳಿದ ಪ್ರದೀಪ್. ಹೊನ್ನಾಳಿಯ ಮನೆಗಳಿಗೆ ಇಂಟರ್ನೆಟ್ ತಂತಿ ಎಳೆಯುವವನು ಅವನೇ. ಬೆಳಿಗ್ಗೆಯಿಂದ ನಾನು ಫೋನಿನಲ್ಲಿ ಬೈದು ಬೈದು ಕರೆಸಿದ್ದೆ.

"ನೋಡಿದ್ವಿ. ಈ ಗೋಡೆಗಳ ನಡುವೆ ಒಂದು ಕಡ್ಡಿ ಸಿಗ್ನಲ್ಲು. ಬೆರಳು ಯಾವ್ದು ಅಂಗೈ ಯಾವ್ದು ಗೊತ್ತಾಗಲ್ಲ," ಎಂದಳು ಶಾಂತಲಾ. "ಮಾತಾದ್ರೆ ಅರ್ಧ ಕೇಳಿದ್ರೂ ಊಹೆ ಮಾಡ್ಬೋದು. ಕೈಮಾತಿನಲ್ಲಿ ಒಂದು ಬೆರಳು ತಪ್ಪಿದ್ರೆ ಬೇರೆ ಮನುಷ್ಯನೇ ಜೈಲಿಗೆ ಹೋಗ್ತಾನೆ."

ನಾನು ನ್ಯಾಮತಿಯಲ್ಲಿ ಕಂಪ್ಯೂಟರ್ ಕೇಂದ್ರ ನಡೆಸುವವಳು. ಪತ್ತೇದಾರಿಕೆ ಊರವರು ಅಂಟಿಸಿದ ಕೆಲಸ. ನೆಟ್ ನಿಧಾನ ಎಂಬ ದೂರನ್ನು ಕೊಲೆ ಕೇಸಿನ ಹಾಗೇ ವಿಚಾರಿಸಬೇಕು ಎಂಬುದು ನನ್ನ ಅನುಭವ. ಎಲ್ಲರನ್ನೂ ಅನುಮಾನಿಸಿ, ಒಬ್ಬೊಬ್ಬರನ್ನೇ ಹೊರಗೆ ಕಳಿಸುತ್ತ ಬರಬೇಕು.

ಮೊದಲು ವೈಫೈ. ಲ್ಯಾಪ್‌ಟಾಪಿಗೆ ನೇರವಾಗಿ ವೈರ್ ಚುಚ್ಚಿ ನೋಡಿದೆ. ಆಗಲೂ ಅದೇ ಹಾಡು. ವೈಫೈ ನಿರಪರಾಧಿ.

ಆಮೇಲೆ ಗೋಡೆಯ ಮೇಲಿದ್ದ ಇಂಟರ್ನೆಟ್ ಡಬ್ಬಿ. ಅದರ ಹಣೆಗೆ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ಕುಂಕುಮ. ಮೇಲೊಂದು ಒಣಗಿದ ಚೆಂಡುಹೂವು. ಆಯುಧಪೂಜೆಯ ಗುರುತು ಇನ್ನೂ ಹಾಗೇ ಇತ್ತು. ಡಬ್ಬಿಯ ಒಂದು ದೀಪ ಮಾತ್ರ ಆಗಾಗ ಕೆಂಪಗೆ ಮಿಣುಕುತ್ತಿತ್ತು.

"ಬೆಳಕು ಕಮ್ಮಿ ಬರ್ತೈತೆ ಅಕ್ಕ," ಎಂದ ಪ್ರದೀಪ್. "ಹೊರಗೆ ಕಂಬದ ತನಕ ಸರಿ ಐತೆ, ಚೆಕ್ ಮಾಡಿದೀನಿ. ಒಳಗೆ ಬರ್ತಾ ಬರ್ತಾ ಬಿದ್ದೋಗ್ತೈತೆ."

ಅವನು ಡಬ್ಬಿಯ ಕೆಳಗಿನಿಂದ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಇರುವ ಹಳದಿ ತಂತಿಯನ್ನು ಎಳೆದ. ಅದರ ತುದಿಯಲ್ಲಿ ಹಸಿರು ಮೂತಿ. ಮೂತಿಯನ್ನು ಬೆಳಕಿಗೆ ಹಿಡಿದವನು ಹಾಗೇ ಬಾಯಿ ತೆರೆದುಕೊಂಡು ನಿಂತ.

"ಅಕ್ಕಾ... ಇದಕ್ಕೂ ವಿಭೂತಿ!"

ಎಲ್ಲರೂ ಒಟ್ಟಿಗೆ ಶಂಕ್ರಮ್ಮನವರ ಕಡೆ ತಿರುಗಿದೆವು. ಶಾಂತಲಾಳ ಅತ್ತೆ ಚಹಾದ ಲೋಟಗಳನ್ನು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

"ಯಾಕೆ ಹಂಗೆ ನೋಡ್ತೀರಿ? ಪೂಜೆ ಅಂದ್ಮೇಲೆ ಮೈಯೆಲ್ಲ ಶುದ್ಧ ಮಾಡ್ಬೇಕೋ ಬೇಡವೋ? ಮಿಕ್ಸಿ ಜಾರ್ ಬಿಚ್ಚಿ ತೊಳೆಯಲ್ವಾ, ಹಂಗೆ ಇದನ್ನೂ ಬಿಚ್ಚಿದೆ. ಒದ್ದೆಬಟ್ಟೇಲಿ ಒರೆಸಿ, ವಿಭೂತಿ ಇಟ್ಟು, ಎಲ್ಲಿತ್ತೋ ಅಲ್ಲೇ ಚುಚ್ಚಿದೆ. ತಪ್ಪೇನೈತೆ?"

"ತಪ್ಪೇನಿಲ್ಲಮ್ಮ," ಎಂದೆ ನಗು ತಡೆಯುತ್ತ. "ಇದು ಬೆಳಕು ಹಾದುಹೋಗೋ ಕಣ್ಣು. ಕಣ್ಣಿಗೇ ವಿಭೂತಿ ಮೆತ್ತಿದೀರಿ."

"ಶಿವನೇ!" ಅವರು ಲೋಟಗಳನ್ನು ಕೆಳಗಿಟ್ಟು ಕೆನ್ನೆ ಕೆನ್ನೆ ಬಡಿದುಕೊಂಡರು. ಭೀಮಕ್ಕ ದೊಡ್ಡಮ್ಮ ಕೂಡ ನಕ್ಕಳು. ಎಷ್ಟೋ ದಿನದ ಮೇಲೆ ಅವಳ ಹಲ್ಲು ಕಂಡು ನನಗೆ ಹಬ್ಬದಷ್ಟು ಖುಷಿಯಾಯಿತು.

ಪ್ರದೀಪ್ ತನ್ನ ಚೀಲದಿಂದ ಸ್ಪಿರಿಟ್ಟು, ನಯವಾದ ಒರೆಸುವ ಕಾಗದ ತೆಗೆದು ಕೂತ. ಕಣ್ಣು ಒರೆಸುವ ಕೆಲಸ ಅವಸರದಲ್ಲಿ ಆಗುವುದಿಲ್ಲ ಎಂದ. ಕಾಯುತ್ತ ಕೂತ ಶಾಂತಲಾ ನನ್ನ ಕಡೆ ವಾಲಿದಳು.

"ತಿಪ್ಪೇರುದ್ರ ನಿಂಗೆ ಏನು ಹೆಸರಿಟ್ಟಿದಾನೆ ಗೊತ್ತೇನೇ?" ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ತಳ್ಳಿ ತೋರಿಸಿದಳು. "ಇದು ನೀನು. ಅವ್ರಲ್ಲಿ ಹಂಗೇ, ಎಲ್ಲರಿಗೂ ಒಂದೊಂದು ಸನ್ನೆ ಹೆಸರು. ನಾನು ಇದು." ಬೆರಳನ್ನು ಕತ್ತಿನ ಹಿಂದೆ ತುರುಬಿನ ಹಾಗೆ ಸುತ್ತಿದಳು.

"ನಿಮ್ಮ ಯಜಮಾನ್ರಿಗೆ?"

ತೋರುಬೆರಳನ್ನು ಬಲಗೆನ್ನೆಗೆ ಒತ್ತಿ ಒಂದು ಸಲ ತಿರುಗಿಸಿದಳು. ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ಅವಳ ಗಂಡ ಸತೀಶ್ ಕುಮಾರನ ಬಲಗೆನ್ನೆಯ ಗುಳಿ ನಗುತ್ತಿತ್ತು. ಬೆಳಿಗ್ಗೆಯೇ ಅವನು ವ್ಯಾಪಾರದ ಕೆಲಸಕ್ಕೆಂದು ನ್ಯಾಮತಿಗೆ ಹೊರಟಿದ್ದ. "ಮದುವೆ ದಿನ ಇಟ್ಟ ಹೆಸ್ರು. ಇವ್ರೂ ನನ್ನ ಹತ್ರ ಕೈಮಾತು ಕಲ್ತಿದಾರೆ. ಅತ್ತೆ ಎದುರಿಗೇ ಜಗಳ ಆಡ್ತೀವಿ, ಅವ್ರಿಗೆ ಗೊತ್ತೇ ಆಗಲ್ಲ."

"ಗೊತ್ತಾಗಲ್ಲ ಅನ್ಕೊಂಡಿದೀಯಾ?" ಎಂದರು ಶಂಕ್ರಮ್ಮ. ಶಾಂತಲಾ ಕೆಂಪಗಾದಳು.

"ಆಯ್ತು!" ಪ್ರದೀಪ್ ಕೂಗಿದ. ಕೆಂಪು ದೀಪ ಆರಿ, ಹಸಿರು ದೀಪ ನೆಟ್ಟಗೆ ನಿಂತಿತ್ತು. ಅವನ ಫೋನಿನಲ್ಲಿ ವೇಗದ ಮುಳ್ಳು ಸೊಯ್ಯನೆ ಏರಿತು. ನಾನು ಚಪ್ಪಾಳೆ ತಟ್ಟಿಯೇಬಿಟ್ಟೆ.

ಕರೆ ಹಚ್ಚಿದೆವು. ತಿಪ್ಪೇರುದ್ರ ಬಂದ. ಎಷ್ಟು ಚೊಕ್ಕಟವಾಗಿ ಬಂದನೆಂದರೆ ಅವನ ಅಂಗಿಯ ಕಿತ್ತುಹೋದ ಗುಂಡಿ ಕೂಡ ಕಾಣುತ್ತಿತ್ತು. ಶಾಂತಲಾ ಕೈ ಎತ್ತಿ ಕೇಳಿದಳು. ಅವನು ಹುಬ್ಬು ಗಂಟಿಕ್ಕಿ ಪರದೆಗೆ ಹತ್ತಿರವಾದ. ಕೈಯಾಡಿಸಿದ.

"ನಾನು ಕಾಣ್ತಿಲ್ವಂತೆ," ಶಾಂತಲಾಳ ದನಿ ಕುಗ್ಗಿತು. "ನನ್ನ ಕೈ ನಿಂತೋಗಿದಾವಂತೆ. ಏನು ಕೇಳ್ತಿದೀರೋ ಗೊತ್ತಾಗ್ತಿಲ್ಲ ಅಂತಾನೆ. ಆಮೇಲೆ ಬಾ ಅಂತ ಹೇಳಾಕೂ ಆಗ್ತಿಲ್ವಲ್ಲೇ!"

ಅವನು ಕರೆ ಇಟ್ಟುಬಿಟ್ಟ.

ಸುತ್ತಲಿದ್ದವರ ಮುಖ ಜೋತುಬಿತ್ತು. ನನ್ನ ಮೈ ಮಾತ್ರ ಜುಮ್ಮೆಂದಿತು. ಬರುವುದೆಲ್ಲ ಸರಾಗವಾಗಿ ಬರುತ್ತಿದೆ, ಹೋಗುವುದು ಮಾತ್ರ ಹೋಗುತ್ತಿಲ್ಲ. ಒಂದೇ ದಾರಿ ಯಾಕೆ ಕಟ್ಟಿಕೊಳ್ಳುತ್ತದೆ? ಶಂಕ್ರಮ್ಮನವರ ವಿಭೂತಿ ಒಂದು ತಪ್ಪು. ಅದರ ಹಿಂದೆ ಇನ್ನೊಂದು ಅಡಗಿತ್ತು, ಅದು ತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು.

"ಪ್ರದೀಪ, ಈ ಮನೆಯಿಂದ ಹೊರಗೆ ಕಳಿಸೋ ದಾರಿ ಎಷ್ಟು ಅಗಲ?"

"ಚಿಕ್ಕ ಪ್ಲಾನ್ ಅಕ್ಕ. ಬರಾಕೆ ಹೆದ್ದಾರಿ, ಹೋಗಾಕೆ ಓಣಿ."

"ಆ ಓಣಿಯಲ್ಲಿ ಯಾರೋ ಮೊದ್ಲೇ ಗಾಡಿ ಓಡಿಸ್ತಿದಾರೆ. ಏನನ್ನೋ ಬಿಡದೆ ಹೊರಗೆ ಕಳಿಸ್ತಿದಾರೆ."

ಫೋನುಗಳ ನೆಟ್ ಆರಿಸಿದೆವು. ಟಿವಿಯ ಪ್ಲಗ್ ಕಿತ್ತೆವು. ಲ್ಯಾಪ್‌ಟಾಪನ್ನೂ ಮುಚ್ಚಿದೆವು. ಆದರೂ ಡಬ್ಬಿಯ ಒಂದು ಹಸಿರು ದೀಪ ಪಟಪಟನೆ ಕಣ್ಣು ಬಡಿಯುತ್ತಲೇ ಇತ್ತು. ಅದರ ಬೆನ್ನಿಗೆ ಬಿಳಿ ವೈರೊಂದು ಚುಚ್ಚಿಕೊಂಡಿತ್ತು. ಅದು ಬೇರೆ ವೈರುಗಳ ಜೊತೆ ಗೋಡೆಯೊಳಗಿನ ಪೈಪಿಗೆ ನುಗ್ಗಿ ಮಾಯವಾಗಿತ್ತು.

"ಇದು ಎಲ್ಲಿಗೆ ಹೋಗುತ್ತೆ?" ಕೇಳಿದೆ.

ಪ್ರದೀಪ್ ಸ್ಪಿರಿಟ್ಟಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ಉತ್ತರ ಕೊಡಲಿಲ್ಲ. ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಗೋಡೆ ಒಡೆಸಲೆ? ಹಾಗೆ ಯೋಚಿಸುವಾಗಲೇ ಶಂಕ್ರಮ್ಮನವರ ಹಣೆಯ ವಿಭೂತಿ ಕಣ್ಣಿಗೆ ಬಿತ್ತು. ನಾನು ಅವರ ಎರಡೂ ಕೈ ಹಿಡಿದುಕೊಂಡೆ.

"ಅಮ್ಮ, ಪೂಜೆ ದಿನ ಈ ಹಾಲ್‌ನಲ್ಲಿ ಏನೇನಕ್ಕೆ ವಿಭೂತಿ ಹಚ್ಚಿದ್ರಿ? ನೆನಪು ಮಾಡಿಕೊಂಡು ಹೇಳಿ."

"ಲೈಟ್ ಉರಿಯೋದು, ಕರೆಂಟ್ ಕುಡಿಯೋದು ಒಂದೂ ಬಿಟ್ಟಿಲ್ಲ ತಾಯಿ. ಟಿವಿ. ಇನ್ವರ್ಟರು. ಈ ಇಂಟರ್ನೆಟ್ ಡಬ್ಬಿ. ಆಮೇಲೆ ಶೋಕೇಸಿನಲ್ಲಿ ಗೊಂಬೆ ಹಿಂದಿರೋ ಸಣ್ಣ ಡಬ್ಬಿ."

ಶಾಂತಲಾ ತಲೆ ಎತ್ತಿದಳು. "ಯಾವ ಸಣ್ಣ ಡಬ್ಬಿ, ಅತ್ತೆ?"

"ಅದೇ, ಒಂದು ಕಣ್ಣಿನದು. ಕಣ್ಣಿಗೆ ತಾಗಬಾರದು ಅಂತ ಪಕ್ಕಕ್ಕೆ ಹಚ್ಚಿದೀನಿ. ಲೈನ್ ಹುಡುಗ್ರೇ ಇಟ್ಟಿರ್ಬೇಕು ಅನ್ಕೊಂಡೆ."

ನಾನು ಶೋಕೇಸಿನ ಗಾಜು ಸರಿಸಿದೆ. ಎರಡು ಮರದ ಗೊಂಬೆಗಳ ನಡುವೆ, ಹಿಂದೆ, ಹೆಬ್ಬೆರಳಿಗಿಂತ ಚೂರು ದೊಡ್ಡದಾದ ಕಪ್ಪು ಕ್ಯಾಮೆರಾ. ಅದರ ಬೆನ್ನಿಗೆ ಆ ಬಿಳಿ ವೈರು. ಪಕ್ಕದಲ್ಲಿ ನಾಜೂಕಾಗಿ ಎಳೆದ ವಿಭೂತಿ ಪಟ್ಟೆ, ಮೇಲೊಂದು ಕುಂಕುಮದ ಬೊಟ್ಟು. ಬಚ್ಚಿಟ್ಟವನು ಎಲ್ಲವನ್ನೂ ಯೋಚಿಸಿದ್ದ, ಆಯುಧಪೂಜೆಯೊಂದನ್ನು ಬಿಟ್ಟು!

ನಾನು ಅದನ್ನು ಮುಟ್ಟಲಿಲ್ಲ. ಅದರ ನೋಟ ಎತ್ತ ಇದೆ ಎಂದು ನೋಡಿದೆ. ನೆಟ್ಟಗೆ ಶಾಂತಲಾಳ ಹೆಗಲ ಮೇಲಿಂದ ಲ್ಯಾಪ್‌ಟಾಪಿನ ಪರದೆಗೆ. ಗಾಜು ಮುಚ್ಚಿ ಎಲ್ಲರನ್ನೂ ಅಡುಗೆಮನೆಗೆ ಕರೆದೊಯ್ದೆ. ಪ್ಲಾಸ್ಟರ್ ಕಾಲಿನ ಶಾಂತಲಾಳನ್ನು ದೊಡ್ಡಮ್ಮ ಹೆಗಲಿಗೆ ಆನಿಸಿಕೊಂಡು ಕರೆತಂದಳು.

"ಕೇಳಿ," ಎಂದೆ. "ಬೇರೆ ಯಾವುದೇ ಸಾಕ್ಷಿ ಆಗಿದ್ರೆ ಕದ್ದು ಕೇಳಾಕೆ ಒಂದು ಸಣ್ಣ ಮೈಕ್ ಸಾಕಿತ್ತು. ಶಬ್ದ ಹಗುರ. ನೆಟ್‌ಗೆ ಅದು ಗೊತ್ತೇ ಆಗ್ತಿರ್ಲಿಲ್ಲ, ನಮ್ಗೂ ಗೊತ್ತಾಗ್ತಿರ್ಲಿಲ್ಲ. ಇಲ್ಲಿ ಮಾತಿರೋದು ಕೈಯಲ್ಲಿ. ಕೈ ಕದಿಯಾಕೆ ಚಿತ್ರ ಬೇಕು. ಚಿತ್ರ ಭಾರ. ಆ ಭಾರಕ್ಕೇ ಓಣಿ ಕಟ್ಟಿಕೊಂಡಿದ್ದು."

"ಅಂದ್ರೆ ನೋಡ್ತಿರೋನಿಗೆ..." ಶಾಂತಲಾ ನಿಲ್ಲಿಸಿದಳು.

"ಕೈಮಾತು ಬರುತ್ತೆ."

ಒಲೆಯ ಮೇಲಿನ ಹಾಲು ಉಕ್ಕಿತು. ಶಂಕ್ರಮ್ಮ ಓಡಿ ಆರಿಸಿದರು. ಶಾಂತಲಾ ಮೆಲ್ಲಗೆ ಹೇಳಿದಳು, "ಪ್ರದೀಪನ ತಂಗಿ ನನ್ನ ಶಾಲೇಲೇ ಓದಿದ್ದು. ಅವನಿಗೆ ಕೈಮಾತು ಚೆನ್ನಾಗಿ ಬರುತ್ತೆ."

ಪ್ರದೀಪನ ಮುಖ ಇಳಿದುಹೋಯಿತು. ನಾನು ಅವನಿಗೂ ಬಾಗಿಲಿಗೂ ನಡುವೆ ಹೋಗಿ ನಿಂತೆ.

"ಆ ಬಿಳಿ ವೈರ್ ಎಲ್ಲಿಗೆ ಹೋಗುತ್ತೆ ಅಂದಾಗ ಯಾಕೆ ಬಾಯಿ ಬಿಡ್ಲಿಲ್ಲ?"

"ಅಕ್ಕಾ, ನನ್ನ ತಂಗಿ ಮೇಲಾಣೆ..."

"ಆಣೆ ಬೇಡ. ಎಳೆದೋನು ಯಾರು?"

"ನಾನೇ ಎಳೆದಿದ್ದು!" ಅವನಿಗೂ ಸಿಟ್ಟು ಬಂತು. "ಗೋಡೇಲಿ ಪೈಪಿತ್ತು, ಎಳೆದೆ. ಶೋಕೇಸ್ ಹತ್ರ ಹೊಸ ಟಿವಿ ಬರ್ತೈತೆ, ಯಾರಿಗೂ ಹೇಳ್ಬೇಡ, ಮನೆಯೋರಿಗೆ ಖುಷಿ ಪಡಿಸ್ಬೇಕು ಅಂದ್ರು. ಕ್ಯಾಮೆರಾ ವಿಷ್ಯ ನಂಗೆ ಗೊತ್ತೇ ಇಲ್ಲ. ಕಿವಿ ಕೇಳದೋರ ಮಾತು ಕದಿಯೋನಾ ನಾನು? ನನ್ನ ತಂಗಿ ಮುಖ ಹೆಂಗೆ ನೋಡ್ಲಿ?"

"ಯಾರು ಅಂದ್ರು?"

ಅವನು ಶಂಕ್ರಮ್ಮನವರ ಕಡೆ ನೋಡಿದ. ಬಾಯಿ ತೆರೆದ.

ಅಷ್ಟರಲ್ಲಿ ಹಾಲ್‌ನಲ್ಲಿ ಶಾಂತಲಾಳ ಫೋನು ಒಂದು ಸಲ ಗುಂಯ್‌ಗುಟ್ಟಿ ನಿಂತಿತು. ಮತ್ತೆ ಪ್ರಯತ್ನ ಮಾಡೋಣ ಎಂದು ತಿಪ್ಪೇರುದ್ರನ ಮಿಸ್ಡ್ ಕಾಲ್.

"ಆಮೇಲೆ ಹೇಳು," ಎಂದೆ. ಅದಕ್ಕಿಂತ ಗಟ್ಟಿಯಾದ ಉಪಾಯ ನನಗೆ ಹೊಳೆದಿತ್ತು. "ಪ್ರದೀಪ, ಇಂಥ ಕ್ಯಾಮೆರಾದ ವೈರ್ ಕಿತ್ತರೆ ಏನಾಗುತ್ತೆ?"

"ಯಾರು ಹಾಕ್ಕೊಂಡಿರ್ತಾರೋ ಅವ್ರ ಫೋನ್‌ಗೆ ಮೆಸೇಜ್ ಹೋಗ್ತೈತೆ. ಕ್ಯಾಮೆರಾ ಬಂದ್ ಆಗೈತೆ ಅಂತ. ಟಿಂಗ್ ಅನ್ತೈತೆ."

"ಹಾಗಾದ್ರೆ ಎಲ್ಲರ ಫೋನೂ ಇಲ್ಲಿಡಿ. ನೆಟ್ ಹಚ್ಚಿ, ಸದ್ದು ಜೋರು ಮಾಡಿ."

ಶಂಕ್ರಮ್ಮನವರ ಹಿತ್ತಾಳೆ ತಟ್ಟೆಯಲ್ಲಿ ಫೋನುಗಳು ಬಿದ್ದವು. ಪ್ರದೀಪನದು ಮೊದಲು, ಸವಾಲು ಹಾಕುವಂತೆ. ದೊಡ್ಡಮ್ಮನ ಗುಂಡಿ ಫೋನಿಗೂ ಬಿಡುಗಡೆ ಇರಲಿಲ್ಲ. ನನ್ನದರಲ್ಲಿ ಮಾತ್ರ ಜಯದೇವಪ್ಪನವರು ಕಾಯುತ್ತಿದ್ದರು.

ಶಾಂತಲಾ ಲ್ಯಾಪ್‌ಟಾಪಿನ ಮುಂದೆ ಕೂತಳು. ತಿಪ್ಪೇರುದ್ರ ಬಂದ. ಅವನ ಹಿಂದೆ ನೀಲಿ ಗೋಡೆ, ಮೂಲೆಯಲ್ಲಿ ಫ್ಯಾನಿನ ಗರಗರ. ಜಗಳೂರಿನ ಕೆರೆ ಕಡೆಯ ತನ್ನ ಅತ್ತೆಯ ಮನೆಯಲ್ಲಿದ್ದೇನೆ ಎಂದು ನಿನ್ನೆ ಕೈಯಲ್ಲಿ ಹೇಳಿದ್ದ. ಅದು ಶಾಂತಲಾಗೆ, ನನಗೆ ಬಿಟ್ಟು ಮೂರನೆಯವರಿಗೆ ತಿಳಿದಿರಲಿಲ್ಲ. ಹಾಗೆಂದು ನಾವು ಅಂದುಕೊಂಡಿದ್ದೆವು.

ನಾನು ಬಿಳಿ ವೈರನ್ನು ಹಿಡಿದು ಎಳೆದೆ.

ಆ ಹಸಿರು ದೀಪ ಆರಿತು. ಪರದೆಯಲ್ಲಿ ತಿಪ್ಪೇರುದ್ರನ ಮುಖ ಅರಳಿತು. ಅವನು ಎರಡೂ ಹೆಬ್ಬೆರಳು ಎತ್ತಿದ.

"ಕಾಣ್ತಿದೀನಂತೆ!" ಶಾಂತಲಾ ಚೀರಿದಳು. "ಚೆನ್ನಾಗಿ ಕಾಣ್ತಿದೀನಂತೆ, ಸರ್!"

"ಕೇಳಮ್ಮ, ಕೇಳು!" ಜಯದೇವಪ್ಪನವರ ದನಿಯಲ್ಲೂ ಹುರುಪು. ದೊಡ್ಡಮ್ಮ ಎದ್ದು ನಿಂತಳು. ಪ್ರದೀಪ್ ನಾನು ತಂದಿದ್ದ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ವೇಗ ನೋಡಿ ಮುಷ್ಟಿ ಬಿಗಿದು ಗಾಳಿಗೆ ಗುದ್ದಿದ.

ಶಾಂತಲಾಳ ಕೈಗಳು ಹಾರಿದವು. ತಿಪ್ಪೇರುದ್ರ ಉತ್ತರಿಸಿದ, ಅವಳು ಬಿಡದೆ ಕನ್ನಡ ಮಾಡಿದಳು. "ಲಾರಿ ನನ್ನ ಪಕ್ಕದಲ್ಲೇ ಹೋಯ್ತು. ಒಳಗೆ ದೀಪ ಉರೀತಿತ್ತು. ಮುಖ ಕಂಡೆ. ನಂಗೆ ಗೊತ್ತಿರೋ ಮನುಷ್ಯ." ಅವಳು ಒಂದು ಕ್ಷಣ ತಡೆದಳು. "ಮೇಡಂ, ನೀವು ಬೇಜಾರು ಮಾಡ್ಕೋಬಾರ್ದು... ಇದನ್ನ ದಿನಾ ಹೇಳ್ತಾನೆ ಸರ್, ಮರ್ಯಾದೆಗೆ."

ನಾನು ತಟ್ಟೆಯನ್ನೇ ನೋಡುತ್ತಿದ್ದೆ. ಒಂದು ಫೋನೂ ಸದ್ದು ಮಾಡಲಿಲ್ಲ. ಪ್ರದೀಪನದೂ ಇಲ್ಲ. ಅವನ ಕಣ್ಣಲ್ಲಿ ನೀರು ಬಂದಿತ್ತು.

ಟಿಂಗ್.

ಸದ್ದು ತಟ್ಟೆಯಿಂದ ಬರಲಿಲ್ಲ. ಶಾಂತಲಾಳ ಲ್ಯಾಪ್‌ಟಾಪಿನ ಸ್ಪೀಕರಿನಿಂದ ಬಂತು. ಜಗಳೂರಿನಿಂದ.

ತಿಪ್ಪೇರುದ್ರ ಅಲುಗಲಿಲ್ಲ. ಅವನಿಗೆ ಕೇಳಿಸುವುದಿಲ್ಲ. ಕೇಳಿಸದವನ ಫೋನಿಗೆ ಸದ್ದು ಯಾಕೆ ಬೇಕು? ಆ ಕೋಣೆಯಲ್ಲಿ ಅವನೊಬ್ಬನೇ ಇಲ್ಲ. ಕ್ಯಾಮೆರಾ ಇಟ್ಟದ್ದು ಅವನ ಮಾತಿಗಿಂತ ಮೊದಲು ಅವನ ವಿಳಾಸಕ್ಕೆ.

ಟಿಂಗ್. ಈ ಸಲ ಹತ್ತಿರ.

"ಶಾಂತಲಾ, ಹೊರಗೆ ಓಡು ಅಂತ ಹೇಳು! ಈಗಲೇ!"

ಅವಳು ಕೈ ಎತ್ತುವಷ್ಟರಲ್ಲಿ ನೀಲಿ ಗೋಡೆಯ ಮೇಲೆ ನೆರಳು ಬಿತ್ತು. ತಿಪ್ಪೇರುದ್ರ ಪರದೆಯಿಂದ ಕಣ್ಣು ಕಿತ್ತು ಮೇಲೆ ನೋಡಿದ, ಎದುರಿಗೆ ನಿಂತ ಯಾರನ್ನೋ. ಆಮೇಲೆ ಶಾಂತಲಾಳ ಕಡೆ ತಿರುಗಿದ. ತೋರುಬೆರಳನ್ನು ಬಲಗೆನ್ನೆಗೆ ಒತ್ತಿದ. ಒಂದು ಸಲ ತಿರುಗಿಸಿದ.

ಪರದೆ ಕಪ್ಪಾಯಿತು.

"ಏನಂದ?" ಜಯದೇವಪ್ಪ ಕೂಗಿದರು. "ಹೆಸರು ಹೇಳಿದ್ನೇನಮ್ಮಾ?"

ಶಾಂತಲಾ ಮದುವೆ ಫೋಟೋದ ಕಡೆ ನೋಡಲಿಲ್ಲ. ಎಲ್ಲಿಯೂ ನೋಡಲಿಲ್ಲ.

"ಇಲ್ಲ ಸರ್," ಎಂದಳು. "ನೆಟ್ ಸ್ಲೋ ಆಯ್ತು. ಚಿತ್ರ ನಿಂತುಬಿಡ್ತು. ಏನೂ ಕಾಣ್ಲಿಲ್ಲ."

"ಸ್ಲೋನಾ?" ಪ್ರದೀಪ್ ತಬ್ಬಿಬ್ಬಾಗಿ ನನ್ನ ಲ್ಯಾಪ್‌ಟಾಪಿನ ಪರದೆ ನೋಡಿದ. "ಫುಲ್ ಸ್ಪೀಡ್ ಐತಲ್ಲಕ್ಕ!"

ಟೇಬಲ್ಲಿನ ಕೆಳಗೆ, ನನಗೊಬ್ಬಳಿಗೇ ಕಾಣುವಂತೆ, ಶಾಂತಲಾಳ ಎರಡೂ ಕೈಗಳು ಬೇಡುವಂತೆ ಜೋಡಿಕೊಂಡಿದ್ದವು.

"ಸಂಘಮಿತ್ರಾ, ನೀನಾದ್ರೂ ಕಂಡೆಯಾ?" ಎಂದರು ವಕೀಲರು.

ದೊಡ್ಡಮ್ಮ ನನ್ನ ತೋಳು ಹಿಡಿದಳು. "ಹೇಳವ್ವಾ ಮಿತ್ರಾ. ಆ ಹುಡುಗ ಕೆನ್ನೆ ಮುಟ್ಟಿಕೊಂಡನಲ್ಲ, ಹಂಗಂದ್ರೆ ಏನು?"